ಶಾಲೆಯಲ್ಲಿ ಚಿಟ್ಟೆ ತೋಟ ಮಾಡುವುದು ಹೇಗೆ?

ಮೊದಲ ದಿನವೇ ಗಿಡ ತರಬೇಡಿ. ಒಂದು ವಾರ ಸುಮ್ನೆ ನೋಡಿ. ಯಾವ ಹಕ್ಕಿ, ಚಿಟ್ಟೆ ಬರುತ್ತದೆ, ಬಿಸಿಲು ಎಲ್ಲಿ ಜಾಸ್ತಿ ಅಂತ ಮಕ್ಕಳೇ ಬರೆದಿಡಲಿ.

ಬರೀ ಹೂವಿನ ಗಿಡ ನೆಟ್ಟರೆ ಸಾಲದು. ಹೂವಿನ ರಸ ದೊಡ್ಡ ಚಿಟ್ಟೆಗೆ ಸರಿ, ಆದರೆ ಮರಿಗೆ ಎಲೆ ಬೇಕಲ್ವಾ? ನಿಂಬೆ ಚಿಟ್ಟೆ ನಿಂಬೆ ಜಾತಿಯ ಗಿಡದಲ್ಲಿ ಮೊಟ್ಟೆ ಇಡುತ್ತದೆ, ಮೊನಾರ್ಕ್ ಚಿಟ್ಟೆ ಎಕ್ಕದ ಬಳಗದ ಗಿಡಗಳನ್ನೇ ಹುಡುಕಿಕೊಂಡು ಹೋಗುತ್ತದೆ. ಕಂಬಳಿಹುಳ ಎಲೆ ತಿಂದು ತೂತು ಮಾಡಿದರೆ ಖುಷಿಪಡಿ, ತೋಟ ಕೆಲಸ ಮಾಡುತ್ತಿದೆ ಅಂತ ಅರ್ಥ. ಔಷಧಿ ಮಾತ್ರ ಹೊಡೆಯಲೇಬೇಡಿ.

ಹಕ್ಕಿಗೆ ಆಳವಿಲ್ಲದ ತಟ್ಟೆಯಲ್ಲಿ ನೀರಿಡಿ, 2 ದಿನಕ್ಕೊಮ್ಮೆ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಹುಟ್ಟುತ್ತದೆ. ಒಣ ಎಲೆ ಸುಡಬೇಡಿ, ಮೂಲೆಯಲ್ಲಿ ಗುಡ್ಡೆ ಹಾಕಿ. ರಜೆಯಲ್ಲಿ ಗಿಡಕ್ಕೆ ನೀರು ಹಾಕುವವರು ಯಾರು ಅಂತ ಈಗಲೇ ಪಟ್ಟಿ ಮಾಡಿ.