ಮೀನಿನ ಚೂರಿಗೆ ಕನ್ನಡಿ ಹೊಳಪು ಬೇಡ: ನನ್ನ ಅನುಭವ

ಸಾಣೆ ಹಿಡಿಯುವವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ: ಕಲ್ಲಿನ ನಂಬರ್ ಏರಿದಷ್ಟೂ, ಅಂದರೆ ಅದರ ಕಣ ಸಣ್ಣದಾದಷ್ಟೂ, ಚೂರಿ ಹರಿತ. ಮಂಗಳೂರಿನ ದಕ್ಕೆಗೆ (ಮೀನು ಬಂದರಿಗೆ), ಮೀನು ಮಾರ್ಕೆಟಿಗೆ ಹೋಗುವ ಚೂರಿಯನ್ನು 1000ದ ಕಲ್ಲಿಗೇ ನಿಲ್ಲಿಸಿ, ಆಮೇಲೆ ವಜ್ರದ ಪೇಸ್ಟ್ ಹಚ್ಚಿದ ಮರದ ಹಲಗೆಯ ಮೇಲೆ ಹತ್ತು ಎಳೆತ ಎಳೆದು ಕೊಟ್ಟರೆ ಸಾಕು ಎಂದು ನಾನು ಹೇಳಿದಾಗ ಕಸುಬಿನವರೇ ‘ಅದು ಅರ್ಧ ಕೆಲಸ’ ಅಂದರು. ಈಗ ಅದೇ ಚೂರಿಗಳು 8000ದ ಕಲ್ಲು ಕಂಡವಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಬಾಳುತ್ತಿವೆ.

ಮೊದಲು ದುಡ್ಡು ಹೋದ ದಾರಿ. 8000ದ ಕಲ್ಲಿಗೆ ಸುಮಾರು 4,500 ರೂಪಾಯಿ. ಚೂರಿಯ ಬಾಯಿಯಲ್ಲಿ, ಅಂದರೆ ಕೊಯ್ಯುವ ಅಂಚಿನಲ್ಲಿ, ಮುಖ ಕಾಣುತ್ತಿತ್ತು, ಕೈಯ ಕೂದಲು ತಾಗಿದರೆ ಉದುರುತ್ತಿತ್ತು. ಅಂಜಲ್ ಮೀನಿನ ಒದ್ದೆ ಚರ್ಮದ ಮೇಲೆ ಇಟ್ಟರೆ ಮಾತ್ರ ಚೂರಿ ಜಾರುತ್ತಿತ್ತು. ‘ಹೊಳಪು ಬೇಡ ಮಾರಾಯ್ರೇ, ಚರ್ಮ ಹಿಡಿಯಬೇಕು’ ಎಂದು ಮೀನು ಕತ್ತರಿಸುವ ಅಕ್ಕ ಅಂದದ್ದೇ ಸರಿಯಾದ ಮಾತು. ಎಳೆದು ಕೊಯ್ಯುವ ಕೆಲಸಕ್ಕೆ ಬಾಯಿಯಲ್ಲಿ ಸಣ್ಣ ಹಲ್ಲು ಉಳಿಯಬೇಕು. 8000 ಆ ಹಲ್ಲನ್ನೆಲ್ಲ ತೇಯ್ದುಬಿಡುತ್ತದೆ. ಆ ಕಲ್ಲು ನೀರು ಚಿಮುಕಿಸಿ ಬಳಸುವ ಜಾತಿಯದ್ದು. ರಾತ್ರಿಯಿಡೀ ಬಕೆಟಿನಲ್ಲಿ ನೆನೆ ಹಾಕಿದ್ದರಿಂದ ಒಣಗುವಾಗ ಅಡ್ಡ ಸೀಳು ಬಿಟ್ಟಿತು.

ಆಮೇಲೆ ಬಫಿಂಗ್ ಮೋಟಾರು ಮತ್ತು ಹಸಿರು ಸೋಪು, ಅಂದರೆ ಹೊಳಪು ಕೊಡುವ ಚಕ್ರ ಮತ್ತು ಅದಕ್ಕೆ ಹಚ್ಚುವ ಗಟ್ಟಿ ಪಾಲಿಶ್. ನಿಮಿಷಕ್ಕೆ 2,800 ಸುತ್ತಿನ ಮೋಟಾರಿಗೆ 6 ಇಂಚಿನ ಚಕ್ರ, ಚೂರಿಗೆ ಅರ್ಧ ನಿಮಿಷ. ಹೊಳಪು ಬಂತು, ಉಕ್ಕಿನ ಹದ (ಗಡಸುತನ) ಹೋಯಿತು. ಬಾಯಿಯ ತುದಿ ಕೂದಲಿಗಿಂತ ಎಷ್ಟೋ ತೆಳು. ಚೂರಿಯ ಮೈ ಮುಟ್ಟಿದರೆ ತಣ್ಣಗೇ ಇರುತ್ತದೆ, ಅಷ್ಟರಲ್ಲಿ ತುದಿ ಸುಟ್ಟು ಮೆತ್ತಗಾಗಿರುತ್ತದೆ. ಬಣ್ಣ ತಿರುಗದ ಕಾರಣ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಬಾಯಿಯನ್ನು ಚಕ್ರದ ಎದುರಿಗೆ ಹಿಡಿದರೆ ಚೂರಿ ಕಿತ್ತು ಹಾರುತ್ತದೆ, ಆ ಕೆಲಸ ಯಾರೂ ಮಾಡಬೇಡಿ.

ಗಾಜಿನ ಮೇಲೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಅಗ್ಗ, ಹಾಳೆಗೆ 20-25 ರೂಪಾಯಿ. ಆದರೆ ಬಾಯಿಯ ಹಿಂದೆ ಕಾಗದ ಉಬ್ಬುತ್ತದೆ, ಆ ಉಬ್ಬು ತುದಿಯನ್ನು ದುಂಡಗೆ ಮಾಡುತ್ತದೆ. ಅಂಟಿಸಿಯೇ ಬಳಸಬೇಕು. ಇನ್ನೊಂದು ಗೊಂದಲ: ಕಾಗದದ 2000 ಬೇರೆ, ಜಪಾನಿ ಕಲ್ಲಿನ 2000 ಬೇರೆ. ಪಿ2000 ಎಂದು ಬರೆದ ಕಾಗದದ ಕಣ ಸುಮಾರು 10 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಜಪಾನಿ ಕಲ್ಲಿನದು 7ರ ಆಸುಪಾಸು. ನಂಬರ್ ಬಿಟ್ಟು ಮೈಕ್ರಾನ್ ಹಿಡಿದ ಮೇಲೆಯೇ ಲೆಕ್ಕ ಕೈಗೆ ಹತ್ತಿದ್ದು.

ಕಲ್ಲಿನ ನಂತರ ಬಾಯಿ ನಯ ಮಾಡಲು ಎಳೆಯುವ ಚರ್ಮದ ಪಟ್ಟಿ ನಮ್ಮ ಮಳೆಗಾಲಕ್ಕೆ ಆಗುವುದಿಲ್ಲ. ಜೂನ್ ಮುಗಿಯುವಷ್ಟರಲ್ಲಿ ಬೂಷ್ಟು, ಮೇಲಿಂದ ತೇವ ಕುಡಿದು ಉಬ್ಬುತ್ತದೆ. ಮೆತ್ತಗಿನ ಚರ್ಮ ಒತ್ತಿದಲ್ಲಿ ತಗ್ಗಿ, ಬಾಯಿ ದಾಟಿದೊಡನೆ ಮೇಲೇಳುತ್ತದೆ. ತುದಿ ಉರುಟಾಗುವುದು ಅಲ್ಲೇ.

ಕೊನೆಗೆ ನಿಂತದ್ದು ಪಾಲೆ ಮರದ ಹಲಗೆ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಗೆ ತೊಗಟೆಯ ಕಷಾಯ ಮಾಡುತ್ತೇವಲ್ಲ, ಅದೇ ಮರ. ಹಗುರ, ಮೆದು, ಎಳೆ ನಯ. ವಜ್ರದ ಕಣ ಅದರಲ್ಲಿ ಹೂತು ಕೂರುತ್ತದೆ, ಆದರೂ ಚರ್ಮದ ಹಾಗೆ ತಗ್ಗುವುದಿಲ್ಲ. 8 ಇಂಚು ಉದ್ದ, 3 ಇಂಚು ಅಗಲ, ಮುಕ್ಕಾಲು ಇಂಚು ದಪ್ಪ. ಮುಖವನ್ನು ಪಿ400 ಕಾಗದದಲ್ಲಿ ಸಪಾಟು ಮಾಡಬೇಕು. 3 ಮೈಕ್ರಾನಿನ ವಜ್ರದ ಪೇಸ್ಟ್, ಎಣ್ಣೆಯಲ್ಲಿ ಕಲಸಿದ್ದು, 5 ಗ್ರಾಮಿನ ಸಿರಿಂಜಿಗೆ ಮುನ್ನೂರು ಚಿಲ್ಲರೆ. ಇಡೀ ಹಲಗೆಗೆ ಸಾಸಿವೆ ಕಾಳಿನಷ್ಟು ನಾಲ್ಕು ಚುಕ್ಕೆ, ಮೇಲೆ ಎರಡು ಹನಿ ಹೊಲಿಗೆ ಮೆಷಿನ್ ಎಣ್ಣೆ. ಪೇಸ್ಟ್ ಜಾಸ್ತಿಯಾದರೆ ಕಣ ಹೂತುಕೊಳ್ಳದೆ ಉರುಳುತ್ತದೆ, ಕೊಯ್ಯುವುದಿಲ್ಲ. ತೆಂಗಿನೆಣ್ಣೆ ಹಾಕಿಯೂ ನೋಡಿದ್ದೇನೆ. ತಿಂಗಳೊಳಗೆ ಜಿಗುಟು, ಕಮಟು ವಾಸನೆ ಬೇರೆ.

ಈಗ ಕ್ರಮ. ಕೋನ ಒಂದೊಂದು ಬದಿಗೆ 16 ಡಿಗ್ರಿ, 40 ಮಿ.ಮೀ. ಅಗಲದ ಚೂರಿಯಾದರೆ ಬೆನ್ನು ಕಲ್ಲಿನಿಂದ 11 ಮಿ.ಮೀ. ಮೇಲೆ. ಅಂಜಲಿನ ಮುಳ್ಳು ಕಡಿಯುವ ಚೂರಿಗೆ 20 ಡಿಗ್ರಿ, ಅಂದರೆ ಹದಿಮೂರೂವರೆ ಮಿ.ಮೀ. 1000ದ ಕಲ್ಲಿನಲ್ಲಿ ಎರಡೂ ಬದಿಗೆ ಬರ್ (ತೇಯುವಾಗ ಬಾಯಿಯ ಆಚೆ ಬದಿಗೆ ಮಗುಚಿ ನಿಲ್ಲುವ ಲೋಹದ ತೆಳು ಅಂಚು) ಏಳಲಿ. ಸೋಲುವುದೂ ಗೆಲ್ಲುವುದೂ ಇಲ್ಲಿಂದ ಮುಂದೆ. ಮೆದು ಸ್ಟೀಲ್ ಚೂರಿಯ ಬರ್ ತಂತಿಯ ಹಾಗೆ ಬಾಯಿಗೆ ಅಂಟಿಕೊಂಡಿರುತ್ತದೆ. ಅದನ್ನು ಕೀಳದೆ ಪಾಲಿಶ್ ಮಾಡಿದರೆ ತಂತಿಯೇ ಹೊಳೆಯುತ್ತದೆ, ಕಾಗದವನ್ನೂ ಕೊಯ್ಯುತ್ತದೆ. ಮೊದಲ ಬಂಗುಡೆಯ ತಲೆ ತೆಗೆಯುವಾಗ ಮಡಚಿ ಹೋಗುತ್ತದೆ. ‘ನಿನ್ನೆ ಸಾಣೆ ಹಿಡಿದದ್ದು ಇವತ್ತೇ ಮೊಂಡು’ ಎಂಬ ದೂರಿನ ಮೂಲ ಹೆಚ್ಚಾಗಿ ಇದೇ.

ಆದ್ದರಿಂದ ಕಲ್ಲಿನ ಮೇಲೆಯೇ ಬಾಯಿ ಮುಂದಾಗಿ, ಒಂದು ಆ ಬದಿ ಒಂದು ಈ ಬದಿ, ಎಂಟೆಂಟು ಎಳೆತ, ಪ್ರತಿ ಸಲ ಭಾರ ಇಳಿಸುತ್ತಾ. ಕಲ್ಲನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು ಅಭ್ಯಾಸ ಮಾಡಿದರೆ ಕೈಗೆ ಅಳತೆ ಸಿಗುತ್ತದೆ: ಶುರುವಿಗೆ 1 ಕಿಲೋ, ಕೊನೆಗೆ 200 ಗ್ರಾಮಿಗಿಂತ ಕಡಿಮೆ. ಚೂರಿಯನ್ನು ಸೋಪು ಹಾಕಿ ತೊಳೆದು ಒರೆಸಬೇಕು. ಕಲ್ಲಿನ ಒಂದು ಕಣ ಹಲಗೆಗೆ ಬಿದ್ದರೂ ಅದು ಗೀರುತ್ತಲೇ ಇರುತ್ತದೆ. ಹಲಗೆಯಲ್ಲಿ ಬೆನ್ನು ಮುಂದಾಗಿ ಬದಿಗೆ ಐದು ಎಳೆತ, 300 ಗ್ರಾಮ್ ಭಾರ. ಎಳೆತದ ಕೊನೆಗೆ ಬಂದಾಗ ನಿಲ್ಲಿಸಿ, ಆಮೇಲೆ ಎತ್ತಿ. ಎಳೆಯುತ್ತಲೇ ಎತ್ತಿದರೆ ಮೊನೆ ದುಂಡಾಗುತ್ತದೆ. ಐದು ಎಳೆತದಲ್ಲಿ ಬರ್‌ನ ಬುಡ ತೇಯ್ದುಹೋಗುತ್ತದೆ, 1000ದ ಹಲ್ಲು ಉಳಿಯುತ್ತದೆ. ಇಪ್ಪತ್ತು ಎಳೆದರೆ ಹಲ್ಲೂ ಹೋಯಿತು. ಕೊನೆಯ ಎರಡು ಎಳೆತ ನಾನು ಬೇರೆ ಥರ ಕೊಡುತ್ತೇನೆ, ಅದು ನನ್ನಲ್ಲೇ ಇರಲಿ.

ಪರೀಕ್ಷೆಗೆ ಕೂದಲು ಬೇಡ. ಹಣ್ಣು ಟೊಮೆಟೊ ಮೇಲೆ ಚೂರಿ ಇಟ್ಟು, ಒತ್ತದೆ ಎಳೆದಾಗ ಸಿಪ್ಪೆ ಹಿಡಿಯಬೇಕು. ಹೀಗೆ ಮಾಡಿದ ಚೂರಿಯಲ್ಲಿ ಸುಮಾರು 40 ಕಿಲೋ ಬಂಗುಡೆ ಆಗುತ್ತದೆ. ಹೊಳಪಿನದ್ದು 20 ದಾಟುತ್ತಿರಲಿಲ್ಲ. ಹೋಟೆಲಿನ ನೀರುಳ್ಳಿ, ತರಕಾರಿ ಚೂರಿಗೆ ಮಾತ್ರ 1 ಮೈಕ್ರಾನಿನ ಇನ್ನೊಂದು ಹಲಗೆ, ಅಲ್ಲಿ ಬದಿಗೆ ಹತ್ತು. ಒತ್ತಿ ಕೊಯ್ಯುವ ಕೆಲಸಕ್ಕೆ ನಯವಾದ ಬಾಯಿಯೇ ಒಳ್ಳೆಯದು.

ಹಂಚಿನ ಪುಡಿಯನ್ನೂ ಬಿಡಲಿಲ್ಲ. ಹಳೆಯ ಮಂಗಳೂರು ಹಂಚನ್ನು ಕುಟ್ಟಿ, ನೀರಿಗೆ ಹಾಕಿ ಕದಡಿ, 5 ನಿಮಿಷ ಬಿಟ್ಟು ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿದರೆ ಮರುದಿನ ತಳದಲ್ಲಿ ನಯವಾದ ಕೆಸರು. ಕಬ್ಬಿಣದ ಕತ್ತಿಯ ತುಕ್ಕು ತೆಗೆಯಲು ಅದು ಬಲು ಚೆಂದ. ಬಾಯಿ ಮಾಡಲು ಸಾಲದು. ಅಡಿಕೆ ಹಾಳೆಗೆ ಪೇಸ್ಟ್ ಹಚ್ಚಿದ್ದು ಪೂರ್ತಿ ದಂಡ. ಅದರ ನಾರು ಏಣೇಣಾಗಿ ನಿಲ್ಲುತ್ತದೆ, ಬಾಯಿ ಕುಪ್ಪಳಿಸುತ್ತದೆ.

ಐವತ್ತು-ಅರವತ್ತು ಚೂರಿಗೆ ಹಲಗೆ ಕಪ್ಪಾಗುತ್ತದೆ. ಹೊಸ ಪೇಸ್ಟ್ ಬೇಕಿಲ್ಲ, ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಹಿಡಿಯುತ್ತದೆ. ಮೀನುಗಾರಿಕೆ ನಿಷೇಧದ 61 ದಿನ, ಜೂನ್ 1ರಿಂದ ಜುಲೈ 31ರವರೆಗೆ, ದಕ್ಕೆಯ ಕೆಲಸ ಕಡಿಮೆ. ಆಗ ಹಲಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಾಗದಂತೆ ಮಲಗಿಸಿಡಿ. ಆಗಸ್ಟಿನಲ್ಲಿ ತೆಗೆದು ಉಕ್ಕಿನ ಪಟ್ಟಿ ಅಡ್ಡ ಇಟ್ಟು ನೋಡಿ. ಬೆಳಕು ತೂರಿದರೆ ಮುಖ ಪೂರ್ತಿ ಉಜ್ಜಿ ತೆಗೆದು ಹೊಸದಾಗಿ ಪೇಸ್ಟ್ ಹಚ್ಚಿ.