ಕಾಲೇಜು ಫೀಸಿಗೆ ಮನೆ ಅಡ ಇಡೋ ಮುಂಚೆ ಈ ಲೆಕ್ಕ ಮಾಡ್ಕೊಳ್ಳಿ

ಮಕ್ಕಳಿಗೆ ಸೀಟು ಸಿಕ್ತು ಅನ್ನೋ ಖುಷಿ ಜೊತೆಗೇ ಫೀಸಿನ ಚಿಂತೆನೂ ಶುರುವಾಗತ್ತೆ, ಆಗ ಮೊದಲು ನೆನಪಾಗೋದೇ ಮನೆ ಪತ್ರ. ಮನೆ ಮೇಲಿನ ಸಾಲಕ್ಕೆ ಪರ್ಸನಲ್ ಲೋನಿಗಿಂತ ಬಡ್ಡಿ ಸಾಮಾನ್ಯವಾಗಿ ಕಡಿಮೆ, ಯಾಕಂದ್ರೆ ಕಂತು ನಿಂತ್ರೆ ಮನೆ ಮಾರಿ ವಸೂಲಿ ಮಾಡೋ ಹಕ್ಕು ಸಾಲ ಕೊಟ್ಟೋರಿಗೆ ಇರತ್ತೆ. ಅದಕ್ಕೇ ಸ್ಕಾಲರ್‌ಶಿಪ್ಪು, ಎಜುಕೇಶನ್ ಲೋನು ಎರಡನ್ನೂ ಮೊದಲು ವಿಚಾರಿಸಿ, ಕಮ್ಮಿ ಬಿದ್ದಷ್ಟಕ್ಕೆ ಮಾತ್ರ ಮನೆ ಮುಟ್ಟಿ. ಎಜುಕೇಶನ್ ಲೋನಲ್ಲಿ ಎಷ್ಟೋ ಕಡೆ ಓದು ಮುಗಿಯೋವರೆಗೂ ಕಂತು ಶುರುವಾಗಲ್ಲ, ಮನೆ ಮೇಲಿನ ಸಾಲದಲ್ಲಿ ಹಾಗಲ್ಲ, ದುಡ್ಡು ಕೈಗೆ ಬಂದ ಮೇಲೆ ಸಾಮಾನ್ಯವಾಗಿ ಮುಂದಿನ ತಿಂಗಳಿಂದಲೇ ಕಟ್ಟಬೇಕು.

ಎಷ್ಟು ಸಿಗತ್ತೆ ಅಂತ ಮನೇಲೇ ಅಂದಾಜು ಮಾಡಬಹುದು. ಮನೆ ಬೆಲೆ 60 ಲಕ್ಷ, ಬ್ಯಾಂಕು 70% ವರೆಗೆ ಕೊಡತ್ತೆ ಅಂದ್ಕೊಳ್ಳಿ, ಅದು 42 ಲಕ್ಷ. ಹಳೇ ಹೋಮ್ ಲೋನ್ 25 ಲಕ್ಷ ಬಾಕಿ ಇದ್ರೆ ಉಳಿಯೋದು 17 ಲಕ್ಷ. ಸಿಗತ್ತೆ ಅಂತ ಅಷ್ಟನ್ನೂ ತಗೋಬೇಡಿ.

ಆಮೇಲೆ ದುಡ್ಡನ್ನ ಒಟ್ಟಿಗೆ ತಗೋಬೇಕಾ, ವರ್ಷ ವರ್ಷ ತಗೋಬೇಕಾ ಅನ್ನೋದು, ಇಲ್ಲೇ ತುಂಬಾ ಜನ ಎಡವೋದು. ನಾಲ್ಕು ವರ್ಷದ ಕೋರ್ಸಿಗೆ 10 ಲಕ್ಷ ಬೇಕು, ಬಡ್ಡಿ 10%, ಓದು ಮುಗಿಯೋವರೆಗೂ ಬರೀ ಬಡ್ಡಿ ಕಟ್ತೀರಿ ಅಂತಿಟ್ಕೊಳ್ಳಿ, ಮೊದಲ ದಿನವೇ ಪೂರ್ತಿ ತಗೊಂಡ್ರೆ ನಾಲ್ಕು ವರ್ಷಕ್ಕೆ ಬಡ್ಡಿ 4 ಲಕ್ಷ, ವರ್ಷದ ಶುರುವಲ್ಲಿ ಎರಡೂವರೆ ಲಕ್ಷದಂತೆ ತಗೊಂಡ್ರೆ ಎರಡೂವರೆ ಲಕ್ಷ ಅಷ್ಟೇ. ಹಾಗಾಗಿ ಓವರ್‌ಡ್ರಾಫ್ಟ್ ಥರ ಬೇಕಾದಾಗ ತೆಗೆಯೋ ಸಾಲ ಇದೆಯಾ ಕೇಳಿ. ಅದರಲ್ಲಿ ಬಡ್ಡಿ ದರ ಏರಿಳಿತ ಆಗ್ತಿರತ್ತೆ, ಎರಡು ಪರ್ಸೆಂಟ್ ಜಾಸ್ತಿ ಆದ್ರೂ ಕಟ್ಟೋಕಾಗತ್ತಾ ನೋಡ್ಕೊಳ್ಳಿ.

ಅವಧಿ ಉದ್ದ ಮಾಡಿದ್ರೆ ಕಂತು ಹಗುರ ಅನ್ಸತ್ತೆ. ಅದೇ 10 ಲಕ್ಷಕ್ಕೆ 15 ವರ್ಷ ಅಂದ್ರೆ ತಿಂಗಳಿಗೆ ಸುಮಾರು 10,750, ಆದ್ರೆ ಒಟ್ಟು ಬಡ್ಡಿನೇ 9 ಲಕ್ಷ ದಾಟತ್ತೆ. 5 ವರ್ಷ ಆದ್ರೆ ಕಂತು 21,250ರ ಹತ್ರ, ಬಡ್ಡಿ 2.75 ಲಕ್ಷ. ರಿಟೈರ್ ಆಗೋಕೆ ಎಷ್ಟು ವರ್ಷ ಇದೆ ಅಂತ ನೋಡಿ, ಸಂಬಳ ನಿಂತ ಮೇಲೂ ಕಂತು ಉಳಿಯೋ ಹಾಗೆ ದಯವಿಟ್ಟು ಮಾಡ್ಕೋಬೇಡಿ, ಮಕ್ಕಳಿಗೆ ಕೆಲಸ ಸಿಕ್ಕಿದ್ಮೇಲೆ ಅವರು ಕಟ್ತಾರೆ ಅನ್ನೋದನ್ನ ಲೆಕ್ಕಕ್ಕೇ ಹಿಡೀಬೇಡಿ.

ಸಹಿ ಹಾಕೋ ಮುಂಚೆ ಪ್ರೊಸೆಸಿಂಗ್ ಫೀಸು, ವ್ಯಾಲ್ಯುಯೇಶನ್ ಖರ್ಚು, ಅವಧಿಗೆ ಮುಂಚೆ ತೀರಿಸಿದ್ರೆ ಬೀಳೋ ಚಾರ್ಜು ಎಲ್ಲಾ ಬರವಣಿಗೆಯಲ್ಲಿ ಇಸ್ಕೊಳ್ಳಿ. ಮನೆ ಜಂಟಿ ಹೆಸರಲ್ಲಿದ್ರೆ ಇನ್ನೊಬ್ಬರ ಸಹಿನೂ ಬೇಕಾಗತ್ತೆ, ಮನೆಯವರನ್ನೆಲ್ಲ ಕೂರಿಸ್ಕೊಂಡು ಮಾತಾಡಿ. ಸಾಲ ತೀರಿದ ದಿನ ಬಾಕಿ ಇಲ್ಲ ಅನ್ನೋ ಪತ್ರ ತಗೊಂಡು, ಒರಿಜಿನಲ್ ಪತ್ರ ಕೊಟ್ಟಿದ್ರೆ ಪುಟ ಎಣಿಸಿ ವಾಪಸ್ ಇಸ್ಕೊಂಡು, ಮನೆ ದಾಖಲೆಯಲ್ಲಿ ಅಡಮಾನ ತೆಗೆದಿದ್ದಾರಾ ಅಂತಾನೂ ನೋಡಿ.