ಇಂಗ್ಲಿಷ್ ಪದವನ್ನು ಒಂಟಿಯಾಗಿ ಕಲಿಸಬೇಡಿ

ಬೀದರ್‌ನಲ್ಲಿ ಮಕ್ಕಳಿಗೆ ಮನೆಯಲ್ಲೇ ಇಂಗ್ಲಿಷ್ ಹೇಳಿಕೊಡುವವರಿಗೆ ಒಂದು ಸಲಹೆ: ಬಿಡಿ ಪದಗಳ ಬಾಯಿಪಾಠ ನಿಲ್ಲಿಸಿ, ಪದವನ್ನು ಅದರ ಜೊತೆಗಾರನೊಡನೆ ಕಲಿಸಿ. ನಮ್ಮ ತೊಡಕಿರುವುದು ‘ಮಾಡು’ವಿನಲ್ಲಿ. ಸ್ನಾನ, ತಪ್ಪು, ಹೋಮ್‌ವರ್ಕ್ ಎಲ್ಲವನ್ನೂ ನಾವು ಮಾಡುತ್ತೇವೆ. ಮನೆಯಲ್ಲಿ ಉರ್ದು ಆಡುವ ಮಗುವಿಗೂ ತಪ್ಪಿಗೆ, ಹೋಮ್‌ವರ್ಕಿಗೆ ಒಂದೇ ‘ಕರ್ನಾ’. ಇಂಗ್ಲಿಷಿನಲ್ಲಿ ಸ್ನಾನಕ್ಕೆ ಟೇಕ್, ತಪ್ಪಿಗೆ ಮೇಕ್, ಹೋಮ್‌ವರ್ಕಿಗೆ ಡು. ಏಕೆಂದು ಮಗು ಕೇಳಿದರೆ ವ್ಯಾಕರಣ ಹುಡುಕಲು ಹೋಗಬೇಡಿ, ಅದು ಬರೀ ರೂಢಿ.

ನೋಟ್‌ಬುಕ್ಕಿನಲ್ಲಿ ಒಂದು ನಾಮಪದಕ್ಕೆ ಒಂದು ಪುಟ ಕೊಡಿ. ‘ರೇನ್’ ಪುಟದಲ್ಲಿ ಹೆವಿ ರೇನ್, ಲೈಟ್ ರೇನ್ ಇರಲಿ. ಮಗು ಸ್ಟ್ರಾಂಗ್ ರೇನ್ ಎಂದು ಬರೆದರೆ ಅದನ್ನು ಹೊಡೆದುಹಾಕಿ, ಪಕ್ಕದಲ್ಲೇ ಸ್ಟ್ರಾಂಗ್ ವಿಂಡ್ ಎಂದು ಬರೆಸಿ. ಮರುದಿನ ನೀವು ನಾಮಪದವನ್ನಷ್ಟೇ ಹೇಳಿ, ಜೊತೆಗಾರನನ್ನು ಮಗು ಹೇಳಲಿ. ಕೋಟೆ ನೋಡಲು ಹೋದಾಗ ‘ಟೇಕ್ ಎ ಫೋಟೊ’, ನಿಲ್ದಾಣದಲ್ಲಿ ‘ಕ್ಯಾಚ್ ಎ ಬಸ್’ ತಾನಾಗಿ ಬರುತ್ತದೆ.

ಇಂಥ ಜೋಡಿಗಳಿಗೆ ಕೊಲೊಕೇಶನ್ ಎನ್ನುತ್ತಾರೆ. ಆ ಪದಕ್ಕೆ ಭಾಷಾಶಾಸ್ತ್ರದಲ್ಲಿ ಚಲಾವಣೆ ಕೊಟ್ಟ ಜೆ.ಆರ್. ಫರ್ತ್ 1920ರ ದಶಕದಲ್ಲಿ ಲಾಹೋರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಮಕ್ಕಳಿಗೆ ಆ ಭಾರದ ಹೆಸರು ಬೇಡ. ನಿಘಂಟು ಕೊಳ್ಳುವುದಾದರೆ ಮಾತ್ರ ಉದಾಹರಣೆ ವಾಕ್ಯಗಳಿರುವುದನ್ನೇ ಕೊಳ್ಳಿ.